ಸೌರ ಮಾರುತ ಗುರುವಿನ ಕಾಂತಗೋಳವನ್ನು ಎಷ್ಟು ಒತ್ತುತ್ತದೆ? ನೀವೇ ಲೆಕ್ಕ ಹಾಕುವ ಕ್ರಮ

1973ರ ನವೆಂಬರ್ 26ರಂದು ಪಯೊನೀರ್ 10 ನೌಕೆ ಗುರುವಿನಿಂದ ಸುಮಾರು 109 ಗುರು ತ್ರಿಜ್ಯಗಳ ದೂರದಲ್ಲಿದ್ದಾಗ, ಅದರ ಸುತ್ತಲಿನ ಸೌರ ಮಾರುತ, ಅಂದರೆ ಸೂರ್ಯನಿಂದ ಸದಾ ಹೊರಬೀಸುವ ವಿದ್ಯುದಾವೇಶದ ಕಣಗಳ ಹರಿವು, ಥಟ್ಟನೆ ವೇಗ ಕಳೆದುಕೊಂಡು ಬಿಸಿಯೇರಿತು. ಗ್ರಹದ ಮುಂದೆ ಏಳುವ ಆಘಾತದ ಅಲೆಯನ್ನು, ಅಂದರೆ ಬೋ ಶಾಕನ್ನು, ನೌಕೆ ದಾಟಿತ್ತು. 96 ತ್ರಿಜ್ಯದ ಹತ್ತಿರ ಅದು ಕಾಂತಗೋಳದ, ಅಂದರೆ ಗುರುವಿನ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶದ, ಒಳಗೆ ಹೊಕ್ಕಿತು. ಇನ್ನೂ ಒಳಕ್ಕೆ ಸಾಗಿ 50 ತ್ರಿಜ್ಯದ ಆಸುಪಾಸಿಗೆ ಬಂದಾಗ ನೋಡಿದರೆ, ನೌಕೆ ಮತ್ತೆ ಕಾಂತಗೋಳದ ಹೊರಗಿತ್ತು. ಗುರುವಿನ ಕಡೆಗೇ ಹೋಗುತ್ತಿದ್ದ ನೌಕೆಯನ್ನು ದಾಟಿ ಗಡಿಯೇ ಒಳಕ್ಕೆ ಕುಗ್ಗಿತ್ತು.

ಒಂದು ಗುರು ತ್ರಿಜ್ಯ ಎಂದರೆ 71,492 ಕಿ.ಮೀ. ಆ ಗಡಿ ಮೂವತ್ತು ಲಕ್ಷ ಕಿಲೋಮೀಟರಿಗೂ ಹೆಚ್ಚು ಒಳಸರಿದಿತ್ತು ಎಂದಾಯಿತು. ಇಷ್ಟು ದೊಡ್ಡ ಬದಲಾವಣೆಯ ಅಂದಾಜನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಮಾಡಬಹುದು. ಬೇಕಾದ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ಗಣಿತ ಪಿಯುಸಿ ಮಟ್ಟದ್ದು. ಲೆಕ್ಕ ಕೈಕೊಡುವುದು ಎರಡು ಕಡೆ: ಸೌರ ಮಾರುತ ಗುರುವನ್ನು ಯಾವ ದಿನ ಮುಟ್ಟುತ್ತದೆ ಎನ್ನುವಲ್ಲಿ, ಮತ್ತು ಗುರುವಿನ ಕಾಂತಗೋಳದ ಒಳಗಿನ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಅನಿಲ) ಎಷ್ಟು ಎದುರೊತ್ತುತ್ತದೆ ಎನ್ನುವಲ್ಲಿ. ಹಾಗಾಗಿ ಈ ಬರಹ ಆ ಎರಡು ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಭೂಮಿಯ ಹತ್ತಿರದ ಸೌರ ಮಾರುತದ ಗಂಟೆವಾರು ಅಳತೆಗಳು ಬೇಕು. ನಾಸಾದ ಗೊಡಾರ್ಡ್ ಕೇಂದ್ರದ ಓಮ್ನಿ ಸಂಗ್ರಹದಲ್ಲಿ ದಶಕಗಳ ದತ್ತಾಂಶವಿದೆ. ಏಸ್, ವಿಂಡ್ ಮೊದಲಾದ ನೌಕೆಗಳು ಅಳೆದದ್ದನ್ನು ಭೂಮಿಯ ಸಮಯಕ್ಕೆ ಹೊಂದಿಸಿ ಅಲ್ಲಿ ಕೊಟ್ಟಿದ್ದಾರೆ. 2024ರ ಜನವರಿಯಿಂದ ನಮ್ಮ ಆದಿತ್ಯ ಎಲ್1 ಕೂಡ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತ ಇದೇ ಕೆಲಸ ಮಾಡುತ್ತಿದೆ. ಅದರ ಆಸ್ಪೆಕ್ಸ್ ಉಪಕರಣ ಸೌರ ಮಾರುತದ ಕಣಗಳನ್ನು ಅಳೆಯುತ್ತದೆ. ಆ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ಪ್ರದಾನ್ ಪೋರ್ಟಲಿನಲ್ಲಿ ಸಿಗುತ್ತದೆ. ಮೊದಲ ಸಲ ಮಾಡುವವರು ಓಮ್ನಿಯಿಂದ ಶುರುಮಾಡಿ. ಅದು ಒಂದೇ ಕೋಷ್ಟಕದಲ್ಲಿ ಸಿದ್ಧವಾಗಿ ಬರುತ್ತದೆ.

ಎರಡನೆಯದಾಗಿ, ಭೂಮಿ ಮತ್ತು ಗುರು ಸೂರ್ಯನಿಂದ ಎಷ್ಟು ದೂರದಲ್ಲಿವೆ, ಸೂರ್ಯನಿಂದ ನೋಡಿದರೆ ಯಾವ ರೇಖಾಂಶದಲ್ಲಿವೆ ಎಂಬುದು ಬೇಕು. ನಾಸಾದ ಜೆಪಿಎಲ್ ಪ್ರಯೋಗಾಲಯದ ಹೊರೈಜನ್ಸ್ ಎಂಬ ಅಂತರ್ಜಾಲ ಸೇವೆಯಲ್ಲಿ ಇದು ಸಿಗುತ್ತದೆ. ಅಲ್ಲಿ ವೀಕ್ಷಣೆಯ ಕೇಂದ್ರವನ್ನು 'ಸೂರ್ಯ' ಎಂದು ಬದಲಿಸುವುದನ್ನು ಮರೆಯಬೇಡಿ. ಭೂಮಿಯೆಂದೇ ಬಿಟ್ಟರೆ ಗುರುವಿನ ರೇಖಾಂಶದಲ್ಲಿ 11 ಡಿಗ್ರಿಯವರೆಗೆ ತಪ್ಪಾಗುತ್ತದೆ, ಅದು ಮುಂದೆ ಮುಕ್ಕಾಲು ದಿನದ ತಪ್ಪಾಗಿ ಕೂರುತ್ತದೆ.

1. ದತ್ತಾಂಶ ಸೋಸಿ

ಕೋಷ್ಟಕ ಇಳಿಸಿಕೊಂಡ ಕೂಡಲೇ ಲೆಕ್ಕಕ್ಕೆ ಕೂರಬೇಡಿ. ಅಳತೆ ಇಲ್ಲದ ಗಂಟೆಗಳಲ್ಲಿ ಓಮ್ನಿ ಖಾಲಿ ಬಿಡುವುದಿಲ್ಲ, ಸಾಂದ್ರತೆಯ ಜಾಗದಲ್ಲಿ 999.9, ವೇಗದ ಜಾಗದಲ್ಲಿ 9999 ಎಂದು ತುಂಬುತ್ತದೆ. ಇವನ್ನು ತೆಗೆಯದೆ ಸರಾಸರಿ ಮಾಡಿದರೆ ಕಂಡು ಕೇಳರಿಯದ ಸೌರ ಬಿರುಗಾಳಿಯೊಂದು ನಿಮ್ಮ ಶೀಟಿನಲ್ಲಿ ಎದ್ದಿರುತ್ತದೆ. ಆ ಸಾಲುಗಳನ್ನು ಖಾಲಿ ಮಾಡಿ. ಆರು ಗಂಟೆಗಿಂತ ಉದ್ದದ ಖಾಲಿ ಜಾಗಗಳಿಗೆ ಬೇರೆ ಬಣ್ಣ ಹಚ್ಚಿಡಿ, ಅವನ್ನು ಅಕ್ಕಪಕ್ಕದ ಅಂಕಿ ನೋಡಿ ತುಂಬುವುದು ಸರಿಯಲ್ಲ.

2. ಭೂಮಿಯ ಬಳಿಯ ಒತ್ತಡ

ಕಾಂತಗೋಳವನ್ನು ಒತ್ತುವುದು ಸೌರ ಮಾರುತದ ಚಲನ ಒತ್ತಡ. ಪ್ರತಿ ಗಂಟೆಗೆ ಹೀಗೆ ಲೆಕ್ಕ ಹಾಕಿ:

ಒತ್ತಡ (ನ್ಯಾನೊಪಾಸ್ಕಲ್) = 1.67 × 10⁻⁶ × ಸಾಂದ್ರತೆ × ವೇಗ × ವೇಗ

ಸಾಂದ್ರತೆ ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿರುವ ಪ್ರೋಟಾನುಗಳ ಸಂಖ್ಯೆ, ವೇಗ ಸೆಕೆಂಡಿಗೆ ಕಿಲೋಮೀಟರಿನಲ್ಲಿ. ಸಾಂದ್ರತೆ 5, ವೇಗ 400 ಇದ್ದ ಸಾಮಾನ್ಯ ದಿನದಲ್ಲಿ ಉತ್ತರ 1.34 ನ್ಯಾನೊಪಾಸ್ಕಲ್.

ಸೌರ ಮಾರುತದಲ್ಲಿ ಶೇಕಡಾ ನಾಲ್ಕರಷ್ಟು ಹೀಲಿಯಂ ಅಯಾನುಗಳೂ ಇರುತ್ತವೆ. ಒಂದೊಂದೂ ಪ್ರೋಟಾನಿನ ನಾಲ್ಕರಷ್ಟು ತೂಕದ್ದಾದ್ದರಿಂದ ನಿಜವಾದ ಒತ್ತಡ ಸುಮಾರು ಶೇ. 16 ಹೆಚ್ಚು. ಮುಂದೆ ಬರುವ ಸೂತ್ರದಲ್ಲಿ ಇದು ಗಡಿಯ ದೂರವನ್ನು ಶೇ. 3ರಷ್ಟು ಮಾತ್ರ ಬದಲಿಸುವುದರಿಂದ ಇಲ್ಲಿ ಬಿಟ್ಟಿದ್ದೇವೆ. ಸೇರಿಸುವುದಾದರೆ ಎಲ್ಲ ಸಾಲುಗಳಿಗೂ ಸೇರಿಸಿ.

ಸರಾಸರಿ ಬೇಕಿದ್ದರೆ ಪ್ರತಿ ಗಂಟೆಯ ಒತ್ತಡ ಕಂಡುಹಿಡಿದು, ಆಮೇಲೆ ಒತ್ತಡಗಳ ಸರಾಸರಿ ತೆಗೆಯಿರಿ. ಸಾಂದ್ರತೆಯ ಸರಾಸರಿಯನ್ನೂ ವೇಗದ ಸರಾಸರಿಯನ್ನೂ ಗುಣಿಸಿದರೆ ಉತ್ತರ ಬೇರೆಯಾಗುತ್ತದೆ. ಏಕೆಂದರೆ ವೇಗದ ಮಾರುತ ಸಾಮಾನ್ಯವಾಗಿ ತೆಳು, ನಿಧಾನದ್ದು ದಟ್ಟ.

3. ಗುರುವಿನ ದೂರಕ್ಕೆ ಇಳಿಸಿ

ಸೂರ್ಯನಿಂದ ದೂರ ಹೋದಂತೆ ಮಾರುತದ ವೇಗ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಸಾಂದ್ರತೆ ಮಾತ್ರ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಗುರು 5.2 ಖಗೋಳ ಮಾನದಲ್ಲಿದ್ದರೆ (ಒಂದು ಖಗೋಳ ಮಾನ ಎಂದರೆ ಸೂರ್ಯನಿಂದ ಭೂಮಿಯ ಸರಾಸರಿ ದೂರ) 5.2ರ ವರ್ಗವಾದ 27ರಿಂದ ಭಾಗಿಸಿ. ಮೇಲಿನ 1.34 ಈಗ 0.049 ನ್ಯಾನೊಪಾಸ್ಕಲ್. ಒಂದು ಘನ ಸೆಂಟಿಮೀಟರಿನಲ್ಲಿ ಉಳಿಯುವುದು 0.2ಕ್ಕಿಂತ ಕಡಿಮೆ ಪ್ರೋಟಾನ್. ಐದು ಘನ ಸೆಂಟಿಮೀಟರ್ ಹುಡುಕಿದರೆ ಒಂದು ಸಿಕ್ಕೀತು.

ಗುರುವಿನ ಕಕ್ಷೆ ಪೂರ್ತಿ ವೃತ್ತವಲ್ಲ, ದೂರ 4.95ರಿಂದ 5.46ರವರೆಗೆ ಬದಲಾಗುತ್ತದೆ. ಒತ್ತಡದಲ್ಲಿ ಅದು ಶೇ. 20ಕ್ಕೂ ಮೀರಿದ ವ್ಯತ್ಯಾಸ. ಆದ್ದರಿಂದ ಆ ದಿನದ ನಿಜ ದೂರವನ್ನೇ ಹಾಕಿ.

4. ಯಾವ ದಿನ ಮುಟ್ಟುತ್ತದೆ?

ಹೆಚ್ಚಿನ ಹೊಸಬರ ಲೆಕ್ಕ ದಾರಿ ತಪ್ಪುವುದು ಇಲ್ಲಿ. ತಲುಪುವ ಸಮಯಕ್ಕೆ ಎರಡು ಭಾಗಗಳಿವೆ.

ಮೊದಲನೆಯದು ನೇರ ಪ್ರಯಾಣ. ಭೂಮಿಯ ಕಕ್ಷೆಯಿಂದ ಗುರುವಿನ ಕಕ್ಷೆಗೆ 4.2 ಖಗೋಳ ಮಾನ, ಅಂದರೆ ಸುಮಾರು 63 ಕೋಟಿ ಕಿ.ಮೀ. ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ 18.2 ದಿನ ಹಿಡಿಯುತ್ತದೆ, 500ರಲ್ಲಿ 14.5, 600ರಲ್ಲಿ 12.1 ದಿನ.

ಎರಡನೆಯದು ಸೂರ್ಯನ ತಿರುಗುವಿಕೆ. ಸೂರ್ಯನ ಮೇಲಿನ ಒಂದು ಮೂಲದಿಂದ ಹೊರಟ ಮಾರುತ ಇಂದು ಭೂಮಿಯ ಕಡೆ ಬೀಸಿದರೆ, ಗುರುವಿನ ಕಡೆ ಬೀಸಲು ಸೂರ್ಯ ಅಷ್ಟು ಕೋನ ತಿರುಗಬೇಕು. ನಕ್ಷತ್ರಗಳಿಗೆ ಹೋಲಿಸಿದರೆ ಸೂರ್ಯ ದಿನಕ್ಕೆ 14.2 ಡಿಗ್ರಿ ತಿರುಗುತ್ತದೆ. ಆದ್ದರಿಂದ:

ತಲುಪುವ ಸಮಯ = (ದೂರದ ವ್ಯತ್ಯಾಸ ÷ ವೇಗ) + (ಗುರುವಿನ ರೇಖಾಂಶ − ಭೂಮಿಯ ರೇಖಾಂಶ) ÷ 14.2

ಗುರು 30 ಡಿಗ್ರಿ ಮುಂದಿದ್ದರೆ 2.1 ದಿನ ಕೂಡಿಸಿ, ಹಿಂದಿದ್ದರೆ ಕಳೆಯಿರಿ. ಭೂಮಿಯ ರೇಖಾಂಶ ಅಳತೆ ಮಾಡಿದ ದಿನದ್ದಾಗಿರಬೇಕು, ಗುರುವಿನದು ಮಾರುತ ತಲುಪುವ ದಿನದ್ದು. ಉತ್ತರ ಸಿಕ್ಕ ಮೇಲೆ ಇನ್ನೊಂದು ಸುತ್ತು ಲೆಕ್ಕ ಹಾಕಿದರೆ ಸಾಕು, ಗುರು 18 ದಿನಗಳಲ್ಲಿ ಒಂದೂವರೆ ಡಿಗ್ರಿಯಷ್ಟೇ ಸರಿಯುತ್ತದೆ. ವ್ಯತ್ಯಾಸ 180 ಡಿಗ್ರಿ ಮೀರಿದರೆ 360 ಕಳೆಯುವುದನ್ನು ಸೂತ್ರದಲ್ಲೇ ಬರೆದಿಡಿ.

ಕೋನ ದೊಡ್ಡದಾದಷ್ಟೂ ಈ ಲೆಕ್ಕದ ಮೇಲಿನ ಭರವಸೆ ಕಡಿಮೆ. ಸೂರ್ಯನ ಮೇಲಿನ ಮೂಲ ಅಷ್ಟು ದಿನ ಬದಲಾಗದೆ ಉಳಿದಿದೆ ಎಂದು ನಾವು ನಂಬಿಕೊಂಡಿರುತ್ತೇವೆ, ಅದು ಉಳಿದಿರಬೇಕೆಂದೇನೂ ಇಲ್ಲ. ಸೂರ್ಯ, ಭೂಮಿ, ಗುರು ಒಂದೇ ಸಾಲಿಗೆ ಬರುವ ವಿಯುತಿಯ ಆಸುಪಾಸು ಕೆಲಸಕ್ಕೆ ಒಳ್ಳೆಯ ಕಾಲ. ಇದು ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ, 2026ರಲ್ಲಿ ಜನವರಿ 10ರಂದು ಬಂತು. ಆ ದಿನ ಭೂಮಿಯ ಬಳಿ ಅಳೆದ 400 ಕಿ.ಮೀ. ವೇಗದ ಮಾರುತ ಗುರುವನ್ನು ಮುಟ್ಟುವುದು ಜನವರಿ 28ರ ಸುಮಾರಿಗೆ. ಸಾಲು ಎಷ್ಟೇ ನೇರವಾಗಿದ್ದರೂ ಒಂದೆರಡು ದಿನದ ಹಿಂದುಮುಂದು ಇದ್ದೇ ಇರುತ್ತದೆ ಎಂದುಕೊಂಡೇ ಕೆಲಸ ಮಾಡಿ.

ಈಗ ತಲುಪುವ ದಿನಾಂಕಗಳ ಕಾಲಂ ಅನ್ನು ಮೇಲಿನಿಂದ ಕೆಳಗೆ ಓದಿ. ದಿನಾಂಕಗಳು ಏರುತ್ತಾ ಹೋಗಿ ಒಂದು ಕಡೆ ಹಿಂದಕ್ಕೆ ಜಿಗಿದಿರುತ್ತವೆ. ಉದಾಹರಣೆಗೆ, ಮೊದಲ ದಿನ 350 ಕಿ.ಮೀ. ವೇಗದಲ್ಲಿ ಹೊರಟದ್ದು 21ನೇ ದಿನ ತಲುಪಬೇಕು. ನಾಲ್ಕು ದಿನ ತಡವಾಗಿ 600ರಲ್ಲಿ ಹೊರಟದ್ದು 16ನೇ ದಿನಕ್ಕೇ ತಲುಪಿಬಿಡುತ್ತದೆ! ಪ್ಲಾಸ್ಮಾ ಹೀಗೆ ಒಂದರೊಳಗೊಂದು ತೂರಿ ಹೋಗಲಾರದು. ವೇಗದ ಮಾರುತ ಮುಂದಿನ ನಿಧಾನದ ಮಾರುತಕ್ಕೆ ಹಿಂದಿನಿಂದ ಗುದ್ದಿ, ನಡುವೆ ದಟ್ಟವಾದ ಒತ್ತಡದ ಪಟ್ಟಿಯೊಂದು ಕಟ್ಟಿಕೊಳ್ಳುತ್ತದೆ. ಗುರುವಿನ ಕಕ್ಷೆ ತಲುಪುವ ಹೊತ್ತಿಗೆ ಅದರ ಎರಡೂ ಅಂಚುಗಳಲ್ಲಿ ಆಘಾತದ ಅಲೆ ಎದ್ದಿರುವುದೇ ಹೆಚ್ಚು.

ದಿನಾಂಕ ಹಿಂದೆ ಬಿದ್ದ ಆ ಸಾಲುಗಳನ್ನು ತಪ್ಪೆಂದು ಅಳಿಸಬೇಡಿ. ಗುರುವಿನ ಕಾಂತಗೋಳ ಜೋರಾಗಿ ಒತ್ತಿಸಿಕೊಳ್ಳುವ ದಿನಗಳು ಅವೇ. ಅಲ್ಲಿ ನಿಮ್ಮ ಶೀಟು ಕೊಡುವ ಒತ್ತಡದ ಅಂಕಿ ನಿಜಕ್ಕಿಂತ ಕಡಿಮೆ, ಏಕೆಂದರೆ ಗುದ್ದಾಟದಲ್ಲಿ ಏರಿದ ಸಾಂದ್ರತೆ ಇದರಲ್ಲಿ ಸೇರಿಲ್ಲ. ಆ ಜಾಗದಲ್ಲಿ 0.1ರಿಂದ 0.3 ನ್ಯಾನೊಪಾಸ್ಕಲ್ ವ್ಯಾಪ್ತಿಯನ್ನು ಇಟ್ಟುಕೊಂಡು ಮುಂದೆ ಹೋಗಿ. ಪಟ್ಟಿಗಳ ನಡುವಿನ ದಿನಗಳಲ್ಲಿ ಮಾರುತ ತೀರಾ ತೆಳುವಾಗಿ ಒತ್ತಡ 0.01ಕ್ಕೂ ಇಳಿಯಬಹುದು. ಹೆಚ್ಚು ನಿಖರ ಬೇಕಾದವರಿಗೆ ದ್ರವಚಲನೆ ಮತ್ತು ಕಾಂತಕ್ಷೇತ್ರವನ್ನು ಒಟ್ಟಿಗೆ ಬಿಡಿಸುವ ಮಾದರಿಗಳಿವೆ. ಟಾವೋ ಮತ್ತು ಸಂಗಡಿಗರ ಒಂದು ಆಯಾಮದ ಮಾದರಿಯ ಫಲಿತಾಂಶ ಫ್ರಾನ್ಸಿನ ಆಮ್ಡಾ ತಾಣದಲ್ಲಿ ಸಿದ್ಧವಾಗಿ ಸಿಗುತ್ತದೆ. ಕೈಲೆಕ್ಕವನ್ನು ಒಮ್ಮೆ ಮಾಡಿ ಆಮೇಲೆ ಅದನ್ನು ಬಳಸಿದರೆ ಮಾದರಿಯ ಏರಿಳಿತ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಕಾಂತಕ್ಷೇತ್ರದ ಉತ್ತರ-ದಕ್ಷಿಣ ಭಾಗವನ್ನು ಮಾತ್ರ ಹೀಗೆ ಸಾಗಿಸಲು ಹೋಗಬೇಡಿ. ಭೂಮಿಯಿಂದ ಗುರುವಿಗೆ ಹೋಗುವಷ್ಟರಲ್ಲಿ ಅದರ ಗುರುತೇ ಉಳಿಯುವುದಿಲ್ಲ.

5. ಗಡಿ ಎಲ್ಲಿದೆ: ಮೊದಲು ತಪ್ಪಾಗುವ ಲೆಕ್ಕ ಮಾಡಿ

ಸೂರ್ಯನಿಗೆ ಎದುರಾಗಿರುವ ತುದಿಯಲ್ಲಿ ಮಾರುತದ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಸಮತೋಲ ಇರುತ್ತದೆ. ಆ ಗಡಿಯ ಹೆಸರು ಮ್ಯಾಗ್ನೆಟೋಪಾಸ್. ಒಳಗಿರುವುದು ಬರೀ ದ್ವಿಧ್ರುವ ಕಾಂತಕ್ಷೇತ್ರ, ಅಂದರೆ ಎರಡು ಧ್ರುವಗಳ ಸರಳ ಕಾಂತದ ಕ್ಷೇತ್ರ, ಎಂದುಕೊಂಡರೆ, ಗುರುವಿನ ಸಮಭಾಜಕದಲ್ಲಿ ಅದು 4.17 ಗೌಸ್ (ಒಂದು ಗೌಸ್ ಎಂದರೆ ಒಂದು ಲಕ್ಷ ನ್ಯಾನೊಟೆಸ್ಲಾ). ದೂರದ ಘನಕ್ಕೆ ವಿಲೋಮವಾಗಿ ಅದು ಇಳಿಯುತ್ತದೆ, ಗಡಿಯಲ್ಲಿನ ವಿದ್ಯುತ್ ಪ್ರವಾಹ ಅದನ್ನು ಎರಡು ಪಟ್ಟು ಮಾಡುತ್ತದೆ. ಅಂಕಿಗಳನ್ನೆಲ್ಲ ಸೇರಿಸಿದರೆ:

ಗಡಿಯ ದೂರ (ಗುರು ತ್ರಿಜ್ಯಗಳಲ್ಲಿ) = (0.277 ÷ ಒತ್ತಡ)ರ ಆರನೇ ಮೂಲ

ಇಲ್ಲಿ ಒತ್ತಡ ಪಾಸ್ಕಲಿನಲ್ಲಿರಬೇಕು, ನ್ಯಾನೊಪಾಸ್ಕಲನ್ನು 10⁻⁹ರಿಂದ ಗುಣಿಸಿ. 0.049 ನ್ಯಾನೊಪಾಸ್ಕಲಿಗೆ ಉತ್ತರ 42 ತ್ರಿಜ್ಯ. ಇದೇ ವಿಧಾನ ಭೂಮಿಗೆ ಹಾಕಿದರೆ, 2 ನ್ಯಾನೊಪಾಸ್ಕಲಿಗೆ, 9.6 ಭೂ ತ್ರಿಜ್ಯ ಬರುತ್ತದೆ. ಅದು ಅಳತೆಗಳಿಗೆ ಹತ್ತಿರವೇ ಇದೆ. ಗುರುವಿನಲ್ಲಿ ನೌಕೆಗಳು ಕಂಡದ್ದು ಬೇರೆ. ಹಲವು ನೌಕೆಗಳ ಅಳತೆ ಒಟ್ಟುಗೂಡಿಸಿ 2002ರಲ್ಲಿ ಜಾಯ್ ಮತ್ತು ಸಂಗಡಿಗರು ತೋರಿಸಿದಂತೆ, ಗಡಿ ಹೆಚ್ಚಾಗಿ 63 ತ್ರಿಜ್ಯದ ಸುತ್ತ ಅಥವಾ 92ರ ಸುತ್ತ ಇರುತ್ತದೆ. ನಡುವೆ ನಿಲ್ಲುವುದು ಕಡಿಮೆ. ಒಂದು ಒತ್ತಡದ ಪಟ್ಟಿ ಹಾಯುವ ದಿನಗಳ ಸ್ಥಿತಿ, ಇನ್ನೊಂದು ತೆಳು ಮಾರುತದ ದಿನಗಳದ್ದು.

42ಕ್ಕೂ 63ಕ್ಕೂ ನಡುವಿನ ಅಂತರವನ್ನು ತುಂಬುವುದು ಅಯೋ. ಗುರುವಿನಿಂದ 5.9 ತ್ರಿಜ್ಯ ದೂರದಲ್ಲಿರುವ ಈ ಉಪಗ್ರಹದ ಜ್ವಾಲಾಮುಖಿಗಳಿಂದ ಬಂದ ಗಂಧಕ ಮತ್ತು ಆಮ್ಲಜನಕ, ಸೆಕೆಂಡಿಗೆ ಸುಮಾರು ಒಂದು ಟನ್ನಿನಂತೆ, ಕಾಂತಗೋಳದೊಳಗೆ ಸೇರಿ ಅಯಾನುಗಳಾಗುತ್ತವೆ. ಗ್ರಹ 9 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತದೆ, ಅದರ ಕಾಂತಕ್ಷೇತ್ರ ಈ ಅಯಾನುಗಳನ್ನೂ ಜೊತೆಗೆ ಸುತ್ತಿಸುತ್ತದೆ. ಗ್ರಹದ ಜೊತೆಗೇ ಪೂರ್ತಿ ಸುತ್ತಿದರೆ 30 ತ್ರಿಜ್ಯದಲ್ಲಿ ಅವುಗಳ ವೇಗ ಸೆಕೆಂಡಿಗೆ 377 ಕಿ.ಮೀ., ಹೆಚ್ಚುಕಡಿಮೆ ಸೌರ ಮಾರುತದಷ್ಟೇ. ಹೊರಕ್ಕೆ ಎಸೆಯಲ್ಪಟ್ಟ ಪ್ಲಾಸ್ಮಾ ಸಮಭಾಜಕದ ಸುತ್ತ ಅಗಲವಾದ ತಟ್ಟೆಯಾಗಿ ಹರಡಿ, ಕಾಂತರೇಖೆಗಳನ್ನೂ ಹೊರಕ್ಕೆ ಎಳೆಯುತ್ತದೆ. ಬಿಸಿ ಕಣಗಳ ಒತ್ತಡ ಇದರ ಮೇಲೆ.

ಇದನ್ನು ನೀವೇ ಪರೀಕ್ಷಿಸಿ. 0.049 ನ್ಯಾನೊಪಾಸ್ಕಲನ್ನು ಬರೀ ಕಾಂತಕ್ಷೇತ್ರದಿಂದ ತಡೆಯಲು 11 ನ್ಯಾನೊಟೆಸ್ಲಾ ಬೇಕು. ಈ ಒತ್ತಡಕ್ಕೆ ಮುಂದಿನ ಸೂತ್ರ ಕೊಡುವ 69 ತ್ರಿಜ್ಯ ದೂರದಲ್ಲಿ ದ್ವಿಧ್ರುವ ಕ್ಷೇತ್ರ 1.3 ಮಾತ್ರ, ಎರಡು ಪಟ್ಟು ಮಾಡಿದರೂ 2.5. ಗಡಿಯ ಒಳಗೆ 5 ನ್ಯಾನೊಟೆಸ್ಲಾ ಇದೆ ಎಂದುಕೊಂಡರೂ ಅದರ ಒತ್ತಡ 0.01 ನ್ಯಾನೊಪಾಸ್ಕಲ್. ಐದರಲ್ಲಿ ಉಳಿದ ನಾಲ್ಕು ಪಾಲನ್ನು ಪ್ಲಾಸ್ಮಾ ಹೊರುತ್ತದೆ.

ಆದ್ದರಿಂದ ಬಳಸಬೇಕಾದದ್ದು ಅಳತೆಗಳಿಂದಲೇ ಹೊರಟ ಸೂತ್ರ. ಹಡಲ್‌ಸ್ಟನ್ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟದ್ದು ಹೀಗಿದೆ, ಒತ್ತಡ ನ್ಯಾನೊಪಾಸ್ಕಲಿನಲ್ಲಿ:

ಗಡಿಯ ದೂರ = 35.5 ÷ (ಒತ್ತಡದ 0.22ನೇ ಘಾತ)

0.01 ನ್ಯಾನೊಪಾಸ್ಕಲಿಗೆ 98 ತ್ರಿಜ್ಯ, 0.049ಕ್ಕೆ 69, 0.1ಕ್ಕೆ 59, 0.3ಕ್ಕೆ 46. ಒತ್ತಡ 30 ಪಟ್ಟು ಏರಿದರೆ ಗಡಿ ಅರ್ಧಕ್ಕಿಂತಲೂ ಹತ್ತಿರ ಬರುತ್ತದೆ. ಬರೀ ದ್ವಿಧ್ರುವವಾಗಿದ್ದರೆ ಅದೇ ಏರಿಕೆಗೆ ಗಡಿ 1.76 ಪಟ್ಟು ಮಾತ್ರ ಕುಗ್ಗುತ್ತಿತ್ತು. ಪ್ಲಾಸ್ಮಾ ತುಂಬಿದ ಗೋಳ ದೊಡ್ಡದು, ಆದರೆ ಮೆದು. ಪಯೊನೀರ್ 10 ಕಂಡ 96 ಮತ್ತು 50ನ್ನು ಈ ಸಾಲಿನ ಪಕ್ಕ ಇಟ್ಟು ನೋಡಿ.

ಈ ಸೂತ್ರದಲ್ಲಿ ಒಂದು ನೆಮ್ಮದಿಯೂ ಇದೆ. ವೇಗದಲ್ಲಿ ಶೇ. 10 ತಪ್ಪಿದರೆ ಒತ್ತಡದಲ್ಲಿ ಶೇ. 20 ತಪ್ಪು, ಗಡಿಯ ದೂರದಲ್ಲಿ ಶೇ. 4 ಮಾತ್ರ. ದೂರದ ಅಂದಾಜನ್ನು ಧೈರ್ಯವಾಗಿ ಹೇಳಬಹುದು, ದಿನಾಂಕವನ್ನು ಮಾತ್ರ ಎಚ್ಚರದಿಂದ ಹೇಳಿ.

ಗಂಟೆಗಂಟೆಯ ಏರಿಳಿತಕ್ಕೆ ಇದನ್ನು ಹಚ್ಚಬೇಡಿ. ಗಡಿಯ ತುದಿಯಿಂದ ಗ್ರಹದವರೆಗಿನ ದೂರವನ್ನು ದಾಟಲು ಸೌರ ಮಾರುತಕ್ಕೇ ಮೂರೂವರೆ ಗಂಟೆ ಬೇಕು. ಹತ್ತು ಗಂಟೆಗಿಂತ ಕಡಿಮೆ ಅವಧಿಯ ಸರಾಸರಿಗೆ ಅರ್ಥವಿಲ್ಲ, ಅದು ಗುರುವಿನ ಒಂದು ಸುತ್ತು.

6. ಜುನೋ ದತ್ತಾಂಶದೊಂದಿಗೆ ಹೋಲಿಸಿ

ಜುನೋ ನೌಕೆ 2016ರ ಜುಲೈನಿಂದ ಗುರುವಿನ ಧ್ರುವೀಯ ಕಕ್ಷೆಯಲ್ಲಿದೆ. ಅದರ ಕಾಂತಮಾಪಕದ ದತ್ತಾಂಶ ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿದೆ. ಆರಂಭಕ್ಕೆ 60 ಸೆಕೆಂಡಿನ ಸರಾಸರಿ ಸಾಕು. ಅಭ್ಯಾಸಕ್ಕೆ 2017ರ ಏಪ್ರಿಲ್ ಹೇಳಿ ಮಾಡಿಸಿದಂತಿದೆ. ವಿಯುತಿ ಏಪ್ರಿಲ್ 7ರಂದು ಇತ್ತು. ಜುನೋ ಮಾರ್ಚ್ 27ರಂದು ಗುರುವಿನ ಹತ್ತಿರ ಹಾದು, ಮತ್ತೆ ಹತ್ತಿರ ಬಂದದ್ದು ಮೇ 19ರಂದು. ಅಂದರೆ ಕಕ್ಷೆಯ ದೂರದ ತುದಿಯಲ್ಲಿ, ನೂರಕ್ಕೂ ಹೆಚ್ಚು ತ್ರಿಜ್ಯದಾಚೆ, ಅದು ಇದ್ದದ್ದು ಏಪ್ರಿಲ್ ಮೂರನೇ ವಾರದ ಕೊನೆಗೆ. ವಿಯುತಿಯ ದಿನ ಭೂಮಿಯ ಬಳಿ ಅಳೆದ ಮಾರುತ ಅಲ್ಲಿಗೆ ಹೋಗುವುದೂ ಆ ಹೊತ್ತಿಗೇ. ಆಗ ಗುರು 5.46 ಖಗೋಳ ಮಾನ ದೂರದಲ್ಲಿತ್ತು ಎಂಬುದನ್ನು ಸೂತ್ರದಲ್ಲಿ ಬದಲಿಸಿಕೊಳ್ಳಿ. 27ರ ಬದಲು 29.8ರಿಂದ ಭಾಗಿಸಬೇಕು.

ಕಾಂತಕ್ಷೇತ್ರದ ಗ್ರಾಫ್ ಓದುವ ಬಗೆ ಹೀಗಿದೆ. ಸೌರ ಮಾರುತದಲ್ಲಿ ಕ್ಷೇತ್ರ ಅರ್ಧದಿಂದ ಒಂದು ನ್ಯಾನೊಟೆಸ್ಲಾ ಇದ್ದು ಸಾಧಾರಣ ಶಾಂತವಾಗಿರುತ್ತದೆ. ಬೋ ಶಾಕ್ ದಾಟಿದ ಕೂಡಲೇ ಅದು ಎರಡು ಮೂರು ಪಟ್ಟು ಜಿಗಿಯುತ್ತದೆ, ನಾಲ್ಕು ಪಟ್ಟು ಮೀರುವುದಿಲ್ಲ. ಅದರ ಒಳಗಿನ ಪದರದಲ್ಲಿ ಗೆರೆ ಒರಟಾಗಿ ಎಲ್ಲ ದಿಕ್ಕಿಗೂ ಹೊಯ್ದಾಡುತ್ತದೆ. ಮ್ಯಾಗ್ನೆಟೋಪಾಸ್ ದಾಟಿದರೆ ಕ್ಷೇತ್ರ ಇನ್ನೂ ಏರಿ ನಯವಾಗುತ್ತದೆ. ಒಳಗೆ ಹೋದಂತೆ ಹತ್ತು ಗಂಟೆಯ ಲಯ ಕಾಣಿಸಿಕೊಳ್ಳುತ್ತದೆ. ಕಾಂತ ಅಕ್ಷ ತಿರುಗುವ ಅಕ್ಷಕ್ಕೆ ಸುಮಾರು 10 ಡಿಗ್ರಿ ವಾಲಿರುವುದರಿಂದ ಪ್ಲಾಸ್ಮಾ ತಟ್ಟೆ ಮೇಲೆ ಕೆಳಗೆ ತೂಗುತ್ತಾ ನೌಕೆಯನ್ನು ಮತ್ತೆ ಮತ್ತೆ ಹಾಯುತ್ತದೆ, ಪ್ರತಿ ಸಲವೂ ಕ್ಷೇತ್ರ ಕುಸಿದು ಮೇಲೇಳುತ್ತದೆ. ಅನುಮಾನ ಬಂದಾಗ ಈ ಲಯವನ್ನು ಹುಡುಕಿ. ಅದು ಕಂಡರೆ ನೌಕೆ ಒಳಗಿದೆ ಎಂದು ನಂಬಬಹುದು. ಜುನೋದ ರೇಡಿಯೋ ಅಲೆಗಳ ಉಪಕರಣದಲ್ಲೂ ಒಂದು ಸುಳಿವಿದೆ. ಕಾಂತಗೋಳದೊಳಗೆ ಸಿಕ್ಕಿಕೊಂಡ ಕಡಿಮೆ ಆವರ್ತನದ ವಿಕಿರಣ ಹೊರಗೆ ಬಂದ ಕೂಡಲೇ ಮಾಯವಾಗುತ್ತದೆ.

ಗಡಿ ಒಂದೇ ದಿನ ಹಲವು ಸಲ ಹಿಂದೆ ಮುಂದೆ ಹಾಯಬಹುದು. ಪ್ರತಿಯೊಂದನ್ನೂ ಬರೆದಿಟ್ಟುಕೊಳ್ಳಿ.

ದೂರವನ್ನು ನೇರವಾಗಿ ಹೋಲಿಸಬೇಡಿ. ಮೇಲಿನ ಸೂತ್ರ ಕೊಡುವುದು ಸೂರ್ಯನಿಗೆ ಎದುರಾದ ತುದಿಯ ದೂರ. ಜುನೋ 2016ರ ಜೂನ್ 24ರಂದು ಬೋ ಶಾಕ್ ದಾಟಿದ್ದು 128 ತ್ರಿಜ್ಯದಲ್ಲಿ, ಮರುದಿನ ಕಾಂತಗೋಳಕ್ಕೆ ಹೊಕ್ಕಿತು. ಆದರೆ ಅದು ಬಂದದ್ದು ಗುರುವಿನ ಬೆಳಗಿನ ಪಕ್ಕದಿಂದ. ಗೋಳ ಪಕ್ಕಕ್ಕೆ ಅಗಲವಾಗುತ್ತಾ ಹೋಗುವುದರಿಂದ ಅಲ್ಲಿ ಗಡಿ ಯಾವಾಗಲೂ ದೂರವೇ ಇರುತ್ತದೆ. ಮೊದಲ ಅಭ್ಯಾಸದಲ್ಲಿ ಇಷ್ಟು ಕೇಳಿದರೆ ಸಾಕು: ಒತ್ತಡದ ಪಟ್ಟಿ ತಲುಪಬೇಕಾದ ದಿನದ ಸುತ್ತ ನೌಕೆ ಒಳಗಿನಿಂದ ಹೊರಗೆ ಬಂತೇ? ಒತ್ತಡ ಇಳಿದ ದಿನಗಳಲ್ಲಿ ಮತ್ತೆ ಒಳಗಾಯಿತೇ?

7. ಒಳಗೆ ಏನು ಬದಲಾಗುತ್ತದೆ

ಭೂಮಿಯ ಅನುಭವವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತೀರಿ. ಭೂಮಿಯಲ್ಲಿ ಸೌರ ಮಾರುತದ ಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಧ್ರುವಪ್ರಭೆ ಹೊತ್ತಿಕೊಳ್ಳುತ್ತದೆ. ಗುರುವಿನ ಕಾಂತಧ್ರುವಗಳು ಅದಲುಬದಲಾಗಿರುವುದರಿಂದ ಅಲ್ಲಿ ಕಾಂತರೇಖೆಗಳು ಬೆಸೆದುಕೊಳ್ಳಲು ಅನುಕೂಲ ಉತ್ತರದ ದಿಕ್ಕು. ಅದೂ ಅಲ್ಲದೆ, ಸದಾ ಬೆಳಗುವ ಮುಖ್ಯ ಧ್ರುವಪ್ರಭೆಗೆ ಬೇಕಾದ ಶಕ್ತಿ ಬಹುಪಾಲು ಗ್ರಹದ ತಿರುಗುವಿಕೆಯಿಂದಲೇ ಬರುತ್ತದೆ. ಪ್ಲಾಸ್ಮಾ ಹಿಂದೆ ಬೀಳುವ 20-30 ತ್ರಿಜ್ಯದ ಪ್ರದೇಶದಿಂದ ಹರಿಯುವ ವಿದ್ಯುತ್ ಪ್ರವಾಹ ಅದರ ಮೂಲ ಎಂಬುದು ಬಹುಕಾಲದ ವಿವರಣೆ.

ಆ ವಿವರಣೆಯ ಪ್ರಕಾರ ಗೋಳ ಕುಗ್ಗಿದಾಗ ಒಳಗಿನ ಪ್ಲಾಸ್ಮಾ ವೇಗವಾಗಿ ಸುತ್ತಿ, ಪ್ರವಾಹ ಇಳಿದು, ಪ್ರಭೆ ಮಂಕಾಗಬೇಕಿತ್ತು. 2001ರಲ್ಲಿ ಸಂಶೋಧಕರು ಹಾಗೆಂದೇ ಹೇಳಿದರು. ಹಬಲ್ ದೂರದರ್ಶಕದಿಂದ 2007ರಲ್ಲೂ, ಜುನೋ ಹತ್ತಿರವಾಗುತ್ತಿದ್ದ 2016ರಲ್ಲೂ ನೋಡಿದಾಗ, ಮಾರುತ ಒತ್ತಿದ ಹೊತ್ತಿಗೆ ಪ್ರಭೆ ಹೆಚ್ಚು ಬೆಳಗಿತ್ತು. ಈ ಇಕ್ಕಟ್ಟು ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಹಾಗಾಗಿ ನಿಮ್ಮ ಶೀಟಿನಲ್ಲಿ 'ಪ್ರಭೆ' ಎಂಬ ಕಾಲಂ ಇಟ್ಟರೆ ಅದಕ್ಕೆ ಸೂತ್ರ ಹಾಕಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ.

ರೇಡಿಯೋ ಅಲೆಗಳ ವಿಷಯದಲ್ಲಿ ನೆಲ ಗಟ್ಟಿ. 2000ದ ಡಿಸೆಂಬರಿನಲ್ಲಿ ಕ್ಯಾಸಿನಿ ನೌಕೆ ಗುರುವನ್ನು ಹಾಯುತ್ತಿದ್ದಾಗ ಗೆಲಿಲಿಯೋ ನೌಕೆ ಗುರುವಿನ ಕಕ್ಷೆಯಲ್ಲಿತ್ತು. ಒಂದು ನೌಕೆ ಹೊರಗೆ ಸೌರ ಮಾರುತವನ್ನು ಅಳೆಯುತ್ತಿದ್ದರೆ ಇನ್ನೊಂದು ಗ್ರಹದ ಪಕ್ಕದಲ್ಲಿತ್ತು. ಆಘಾತದ ಅಲೆಗಳು ಹಾಯ್ದಾಗ ಗುರುವಿನ ರೇಡಿಯೋ ಅಲೆಗಳೂ ಧ್ರುವಪ್ರಭೆಯೂ ಜೋರಾದದ್ದು ಆಗ ದಾಖಲಾಯಿತು.

ಈ ಅಲೆಗಳ ಒಂದು ಭಾಗವನ್ನು ನೆಲದಿಂದಲೂ ಕೇಳಬಹುದು. ಗುರುವಿನ ರೇಡಿಯೋ ಸದ್ದು ಸುಮಾರು 40 ಮೆಗಾಹರ್ಟ್ಸ್ ತನಕ ಇರುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು 20.1 ಮೆಗಾಹರ್ಟ್ಸ್. ಅದಕ್ಕೆ ಅರ್ಧ ತರಂಗದ ಡೈಪೋಲ್ ತಂತಿಯ ಒಟ್ಟು ಉದ್ದ 7.09 ಮೀಟರ್. ಅಂಥವು ಎರಡನ್ನು 6 ಮೀಟರ್ ಅಂತರದಲ್ಲಿ, ನೆಲದಿಂದ 3ರಿಂದ 6 ಮೀಟರ್ ಎತ್ತರದಲ್ಲಿ ಕಟ್ಟುತ್ತಾರೆ. ಕರ್ನಾಟಕದ ಅಕ್ಷಾಂಶದಲ್ಲಿ ಗುರು ನೆತ್ತಿಯ ಹತ್ತಿರ ಬರುವ ವರ್ಷಗಳಲ್ಲಿ 3 ಮೀಟರ್ ಎತ್ತರವೇ ಒಳ್ಳೆಯದು, ಕಡಿಮೆ ಎತ್ತರದ ತಂತಿ ನೇರ ಮೇಲಕ್ಕೆ ಕೇಳಿಸಿಕೊಳ್ಳುತ್ತದೆ. ಸೂರ್ಯ ಮುಳುಗಿ ಕೆಲವು ಗಂಟೆ ಕಳೆದ ಮೇಲೆ, ಊರಿನ ವಿದ್ಯುತ್ ಗದ್ದಲದಿಂದ ದೂರ ಕೂತು ಕೇಳಿ.

ಇಲ್ಲೂ ಅಯೋ ಅಡ್ಡ ಬರುತ್ತದೆ. ಜೋರಾದ ಬಿರುಸುಗಳಲ್ಲಿ ಬಹಳಷ್ಟು ಅಯೋ ತನ್ನ ಕಕ್ಷೆಯಲ್ಲಿ 90 ಅಥವಾ 240 ಡಿಗ್ರಿಯ ಸುತ್ತ (ಭೂಮಿಯಿಂದ ನೋಡಿದರೆ ಅದು ಗುರುವಿನ ನೇರ ಹಿಂದಿರುವ ಜಾಗದಿಂದ ಎಣಿಸಿ) ಇದ್ದಾಗ ಬರುವಂಥವು, ಅವಕ್ಕೂ ಸೌರ ಮಾರುತಕ್ಕೂ ಹೆಚ್ಚು ಸಂಬಂಧವಿಲ್ಲ. ಆ ಹೊತ್ತಿನವನ್ನು ಬೇರೆ ಮಾಡಿ, ಉಳಿದವನ್ನಷ್ಟೇ ಒತ್ತಡದ ಪಟ್ಟಿಯ ದಿನಾಂಕಗಳ ಜೊತೆ ಇಟ್ಟು ನೋಡಿ. ಒಂದೆರಡು ರಾತ್ರಿಯ ಹೊಂದಾಣಿಕೆಯಿಂದ ಏನೂ ಹೇಳಲಾಗದು. ಗುರು ದಿನಕ್ಕೆ ಕೆಲವೇ ಗಂಟೆ ನಮಗೆ ಕೇಳಿಸುತ್ತದೆ, ತಲುಪುವ ದಿನಾಂಕವೂ ಒಂದೆರಡು ದಿನ ಜಾರಬಹುದು. ಇಡೀ ವಿಯುತಿಯ ಅವಧಿಯ ದಾಖಲೆ ಬೇಕು.

8. ಅದೇ ಶೀಟು, ಬೇರೆ ಗ್ರಹ

ಶನಿಗೆ ಸಮಭಾಜಕ ಕ್ಷೇತ್ರ 0.21 ಗೌಸ್, ದೂರ 9.5 ಖಗೋಳ ಮಾನ ಎಂದು ಬದಲಿಸಿ. ಸೂತ್ರದ 0.277 ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಅದನ್ನು (0.21 ÷ 4.17)ರ ವರ್ಗದಿಂದ ಗುಣಿಸಿ. ನಮ್ಮ ಸಾಮಾನ್ಯ ದಿನದ ಮಾರುತಕ್ಕೆ ದ್ವಿಧ್ರುವದ ಲೆಕ್ಕ 19 ಶನಿ ತ್ರಿಜ್ಯ ಕೊಡುತ್ತದೆ. ಕ್ಯಾಸಿನಿ ಅಳತೆಗಳು 22 ಮತ್ತು 27ರ ಸುತ್ತ ಗುಂಪಾಗುತ್ತವೆ. ಅಲ್ಲಿ ಶನಿಯ ಉಪಗ್ರಹ ಎನ್ಸೆಲಡಸ್ ನೀರಿನ ಆವಿ ತುಂಬುತ್ತದೆ, ಆದರೆ ಅಯೋದಷ್ಟು ಉಬ್ಬಿಸುವುದಿಲ್ಲ.

ಯುರೇನಸ್ಸಿಗೆ 0.23 ಗೌಸ್, 19.2 ಖಗೋಳ ಮಾನ ಹಾಕಿದರೆ 25 ತ್ರಿಜ್ಯ ಬರುತ್ತದೆ. 1986ರ ಜನವರಿ 24ರಂದು ಹಾದುಹೋದ ವಾಯೇಜರ್ 2 ಗಡಿಯನ್ನು ಕಂಡದ್ದು 18ರಲ್ಲಿ. ಲೆಕ್ಕಕ್ಕಿಂತ ಅಳತೆ ಕಡಿಮೆ ಬಂದದ್ದು ನಮ್ಮ ಶೀಟಿನಲ್ಲಿ ಇದೊಂದೇ ಕಡೆ. 18ನ್ನು ಸೂತ್ರದಲ್ಲಿ ಹಿಂದಿನಿಂದ ಹಾಕಿ ಒತ್ತಡ ತೆಗೆದರೆ 0.025 ನ್ಯಾನೊಪಾಸ್ಕಲ್, ಸಾಮಾನ್ಯ ದಿನದ ಏಳು ಪಟ್ಟು. ವಾಯೇಜರ್ ದತ್ತಾಂಶವನ್ನು ಮತ್ತೆ ಕೆದಕಿ 2024ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳಿತು: ನೌಕೆ ತಲುಪುವ ಮುನ್ನ ಸೌರ ಮಾರುತದ ಒತ್ತಡ ಜೋರಾಗಿ ಏರಿ ಗೋಳವನ್ನು ಒತ್ತಿತ್ತು, ಅಂಥ ಸ್ಥಿತಿ ಇರುವುದು ಸುಮಾರು ಶೇ. 4ರಷ್ಟು ಕಾಲ ಮಾತ್ರ. ಯುರೇನಸ್ಸಿನ ಕಾಂತಗೋಳದೊಳಗೆ ಪ್ಲಾಸ್ಮಾ ಇಲ್ಲವೆಂದು ಸುಮಾರು ನಾಲ್ಕು ದಶಕ ನಂಬಿದ್ದು ಆ ಒಂದೇ ಭೇಟಿಯ ಅಳತೆಯಿಂದ.